ಗವರ್ನರ್, ಎಂಪರರ್, ಮಲ್ಲಿ

ಇನ್ನೂರ ಹನ್ನೊಂದನೆಯ ಗವರ್ನರ್ ಕಡೆಯುವಾಗ ನನ್ನ ಬಲಗೈ ನಡುಗತೊಡಗಿತು. ಗವರ್ನರ್ ಅಂದರೆ ಮನುಷ್ಯನಲ್ಲ, ಶಾಯಿ ಪೆನ್ನು. ಕೂನೂರಿನ ಪಕ್ಕದ ಹುಬ್ಬತಲೈಯಲ್ಲಿ ನಮ್ಮ ಮನೆಯ ಹಿಂದೆ ಒಂದು ಶೆಡ್ಡಿದೆ, ಶೆಡ್ಡಿನಲ್ಲಿ ಒಂದು ಹಳೆಯ ಲೇತ್. ಅದರ ಮುಂದೆ ಹನ್ನೆರಡು ವರ್ಷದಿಂದ ನಿಂತಿದ್ದೆ. ಎಬೊನೈಟ್ ಅನ್ನುವ ಗಟ್ಟಿ ರಬ್ಬರಿನ ಕಡ್ಡಿ ಕಡೆದರೆ ಗಂಧಕದ ವಾಸನೆ ಏಳುತ್ತದೆ. ಆ ವಾಸನೆ ಈಗ ಅನ್ನದಲ್ಲೂ ಇದೆ, ದಿಂಬಿನಲ್ಲೂ ಇದೆ. ವಯಸ್ಸು ಅರವತ್ತೊಂದು. ಸಾಕಾಗಿತ್ತು. ಆದರೆ ಲೇತ್ ನಿಲ್ಲಿಸುವ ಮೊದಲು ಒಂದೇ ಒಂದು ಪೆನ್ನಿಗೆ ನನ್ನ ಹೆಸರು ಬರಬೇಕು ಅನ್ನುವ ಆಸೆ ಇತ್ತು. ಕರಿಯ. ಮೂರೇ ಅಕ್ಷರ, ಹೆಚ್ಚು ಜಾಗವೂ ಬೇಡ.

ಹೆಸರಿನ ಹುಚ್ಚು ಹತ್ತಿಸಿದವನು ಅಪ್ಪ. ವೆಲ್ಲಿಂಗ್ಟನ್ನಿನ ಒಂದು ಕಚೇರಿಯಲ್ಲಿ ಪ್ಯೂನ್ ಆಗಿದ್ದ, ಅಧಿಕಾರಿಗಳ ಪೆನ್ನಿಗೆ ಶಾಯಿ ತುಂಬುತ್ತಿದ್ದ. ಶನಿವಾರ ಮನೆಗೆ ಬಂದು ಒಲೆಯ ಮುಂದೆ ಕೂತು, ವಾರವಿಡೀ ಕಂಡ ಪೆನ್ನುಗಳ ಹೆಸರು ಹೇಳುತ್ತಿದ್ದ. ಪಾರ್ಕರ್ ಫಿಫ್ಟಿವನ್. ಪಾರ್ಕರ್ ವ್ಯಾಕ್ಯುಮ್ಯಾಟಿಕ್. ವಾಟರ್‌ಮನ್. ಎಸ್ಟರ್‌ಬ್ರೂಕ್. ಶೇಫರ್ ಲೈಫ್‌ಟೈಮ್. ಅರ್ಥ ಅವನಿಗೂ ಗೊತ್ತಿರಲಿಲ್ಲ, ನನಗೂ ಬೇಕಿರಲಿಲ್ಲ. ನಾನು ಟೀ ಎಲೆ ಕೀಳುತ್ತಾ "ವ್ಯಾಕ್ಯುಮ್ಯಾಟಿಕ್, ವ್ಯಾಕ್ಯುಮ್ಯಾಟಿಕ್" ಅಂತ ಗೊಣಗುತ್ತಿದ್ದೆ, ಬಾಯಿ ತುಂಬುತ್ತಿತ್ತು. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರುಗಳು ನನ್ನ ಹತ್ತಿರ ಇದ್ದವು, ಪೆನ್ನು ಒಂದೂ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಲೈಫ್‌ಟೈಮ್ ರಿಪೇರಿಗೆ ಬಂತು. ಬಣ್ಣ ಮಾಸಿ, ರಬ್ಬರ್ ಕೊಳವೆ ಕೊಳೆತು, ಮುದಿಯಾಗಿತ್ತು. ಹೆಸರು ಮಾತ್ರ ಮೈಮೇಲೆ ಹಾಗೇ ಇತ್ತು. ಅದನ್ನು ಕಂಡು ಹೊಟ್ಟೆಕಿಚ್ಚಾಯಿತು.

ನನ್ನ ಪೆನ್ನುಗಳಿಗೆ ಹೆಸರಿಡುವವನು ಕೂನೂರಿನ ಸತೀಶ್‌ಕುಮಾರ್. ನಾನು ಮಾಡಿದ್ದನ್ನು ಅವನು ಇಂಟರ್‌ನೆಟ್ಟಿನಲ್ಲಿ ಮಾರುತ್ತಾನೆ. ಗವರ್ನರ್ ಅವನದೇ, ಎಂಪರರ್ ಅವನದೇ. ಎರಡಕ್ಕೂ ಇರುವ ವ್ಯತ್ಯಾಸ ಮುಚ್ಚಳದ ಮೇಲಿನ ಒಂದು ಉಂಗುರ.

"ಆರ್ಡರ್ ಬರೋದು ಪೆನ್ನಿಗೆ ಅಲ್ಲ ಅಣ್ಣಾ, ಹೆಸರಿಗೆ," ಅನ್ನುತ್ತಾನೆ. ಅದು ಸುಳ್ಳೆಂದು ನಾನಂತೂ ಹೇಳಲಾರೆ.

ಒಮ್ಮೆ ಧೈರ್ಯ ಮಾಡಿ ನನ್ನ ಆಸೆ ಹೇಳಿದೆ. ಅವನು ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. "ಎಂಪರರ್ ಪಕ್ಕದಲ್ಲಿ ಕರಿಯ ಅಂತ ಇಟ್ಟರೆ ಹೇಗಿರುತ್ತೆ, ನೀನೇ ಹೇಳಣ್ಣಾ," ಅಂದ. ಹೇಗಿರುತ್ತದೆಂದು ನನಗೂ ಗೊತ್ತಿತ್ತು. ಅದಕ್ಕೇ ಮೈಯೆಲ್ಲ ಉರಿದದ್ದು.

ಕಡೆಯುವುದು ನನ್ನ ಕೆಲಸವಾದರೆ ನಿಬ್ಬು ನನ್ನ ಹೆಂಡತಿ ಮಲ್ಲಿಯದು. ನಿಬ್ಬಿನ ಎರಡು ಕವಲು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಪೆನ್ನು ಕಾಗದವನ್ನು ಕೆರೆಯುತ್ತದೆ. ನಲವತ್ತು ವರ್ಷ ಎಲೆ ಚಿವುಟಿದ ಅವಳ ಬೆರಳಿಗೆ ಅದು ಮುಟ್ಟಿದ ತಕ್ಷಣ ತಿಳಿಯುತ್ತದೆ. ಒತ್ತಿ, ಸರಿಸಿ, ನುಣ್ಣನೆಯ ಮರಳುಕಾಗದದ ಮೇಲೆ ಉಜ್ಜಿ, ಶಾಯಿಗದ್ದಿ ಬರೆದು ನೋಡುತ್ತಾಳೆ. ಬರೆಯುವುದು ತನ್ನ ಹೆಸರು, ತಮಿಳಿನಲ್ಲಿ. ಅವಳಿಗೆ ಬರೆಯಲು ಬರುವುದು ಅದೊಂದೇ. ಮಹಿಳಾ ಗುಂಪಿನಲ್ಲಿ ರುಜು ಹಾಕಲೆಂದು ಪಕ್ಕದ ಮನೆಯ ಚಿನ್ನಮ್ಮಾಳ್ ಕಲಿಸಿದ್ದು. ಮೊದಲ ಅಕ್ಷರದಲ್ಲಿ ನೆಟ್ಟಗಿನ ಗೆರೆ, ಎರಡನೆಯದರಲ್ಲಿ ಸುರುಳಿ, ಅದರ ತಲೆಯ ಮೇಲೆ ಚುಕ್ಕೆ. ಚುಕ್ಕೆ ತಕ್ಷಣ ಮೂಡಿದರೆ ಶಾಯಿ ಸರಿಯಾಗಿ ಇಳಿಯುತ್ತಿದೆ ಎಂದರ್ಥ. ಬರೆದ ಚೀಟಿಯನ್ನು ಅದೇ ಪೆನ್ನಿಗೆ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾಳೆ.

ಮದುವೆಯಾದ ಹೊಸತರಲ್ಲಿ ಯಾವುದೋ ಅರ್ಜಿಯಲ್ಲಿ ಗಂಡನ ಹೆಸರು ಬರೆಯುವ ಜಾಗವಿತ್ತು. ನಿನ್ನ ಹೆಸರು ಬರೆಯಲು ಕಲಿಸು ಅಂತ ಕೇಳಿದ್ದಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಇವಳೂ ಈವರೆಗೆ ಹೇಳಿಲ್ಲ. "ಬಾಯಲ್ಲಿ ಹೇಳದವಳಿಗೆ ಬರೆಯೋದು ಯಾಕೆ?" ಎಂದು ನಕ್ಕು ನಾನೇ ತುಂಬಿಸಿ ಕೊಟ್ಟೆ. ಅವಳು ಮತ್ತೆ ಕೇಳಲಿಲ್ಲ.

ಹೋದ ವರ್ಷ ಸತೀಶ್‌ಕುಮಾರ್ ಓಡೋಡಿ ಬಂದ. ಚೀಟಿಯಲ್ಲಿದ್ದದ್ದು ಪೆನ್ನಿನ ಹೆಸರೆಂದು ಚೆನ್ನೈಯ ಗಿರಾಕಿಯೊಬ್ಬ ತಿಳಿದಿದ್ದ. ಇನ್ನೊಂದು "ಮಲ್ಲಿ" ಬೇಕು ಅಂತ ಬರೆದಿದ್ದ. ಅವನನ್ನು ನೋಡಿ ಮತ್ತಷ್ಟು ಜನ ಕೇಳಿದರು. ಗವರ್ನರ್ ಯಾರಿಗೂ ಬೇಡ, ಎಲ್ಲರಿಗೂ ಮಲ್ಲಿ ಬೇಕು.

"ಎಂಥಾ ಹೆಸರು ಅಣ್ಣಾ! ಮನೆಯಲ್ಲೇ ಇಟ್ಕೊಂಡು ಇಷ್ಟು ವರ್ಷ ಹೇಳಲೇ ಇಲ್ಲ!"

ಮಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ನಗಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆವತ್ತು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಸೊಂಟ ಬೀಳುವಂತೆ ನಿಂತು ಕಡೆದವನು ನಾನು, ಹೆಸರು ಅವಳಿಗೆ.

ಸತೀಶ್‌ಕುಮಾರ್ ಐವತ್ತು ಪೆನ್ನಿನ ಮೈ ಕಡೆಸಿಕೊಂಡು ಕೊಯಮತ್ತೂರಿಗೆ ಒಯ್ದ. ಮಷೀನಿನಲ್ಲಿ ಇಂಗ್ಲಿಷಿನಲ್ಲಿ ಹೆಸರು ಕೆತ್ತಿಸಿ, ಬೇರೆಲ್ಲೋ ಸರಿಪಡಿಸಿದ ನಿಬ್ಬು ಕೂರಿಸಿ, ಕೊನೆಯ ಪಾಲಿಶಿಗೆಂದು ನನಗೆ ತಂದಿಟ್ಟು ಹೋದ. ಪ್ರತಿ ಪೆನ್ನಿಗೂ ಒಂದೊಂದು ಚೀಟಿ ಸುತ್ತಿತ್ತು. ಮಲ್ಲಿಯ ಅಕ್ಷರದ ಫೋಟೊ ತೆಗೆದು ಅಚ್ಚು ಹಾಕಿಸಿದ್ದ.

ಮಲ್ಲಿ ಎಂದಿನಂತೆ ಕನ್ನಡಕ ಹಾಕಿ, ಶಾಯಿ ಬಾಟಲಿ ತೆರೆದು, ಮರಳುಕಾಗದ ಹರಡಿ ಕೂತಳು. ಪೆಟ್ಟಿಗೆ ಬಿಚ್ಚಿ ನೋಡಿದಳು. ಒಂದು ಚೀಟಿ ತೆಗೆದು ಬೆಳಕಿಗೆ ಹಿಡಿದಳು.

"ಇದು ಆರು ಬರೆದದ್ದು?"

"ಮಷೀನು."

"ಎಲ್ಲ ಒಂದೇ ಥರ ಇದೆ." ಒಂದು ಪೆನ್ನು ಶಾಯಿಗೆ ಅದ್ದಿ ಬರೆದಳು. ಗೆರೆ ಬಂತು, ಸುರುಳಿ ಬಂತು, ಚುಕ್ಕೆ ಬರಲಿಲ್ಲ. ಇನ್ನೊಂದರಲ್ಲೂ ಬರಲಿಲ್ಲ. "ಎನ್ನ ಹೆಸರು ಇದೆ, ಎನಗೆ ಕೆಲಸ ಇಲ್ಲೆ," ಅಂದಳು. ಕೋಪವೂ ಇಲ್ಲ, ಏನೂ ಇಲ್ಲ. ಬಾಟಲಿ ಮುಚ್ಚಿ, ಬುಟ್ಟಿ ಹೆಗಲಿಗೆ ಹಾಕಿಕೊಂಡು ಎಲೆ ಕೀಳಲು ಹೋದಳು.

ನಾನು ಆ ಐವತ್ತು ಪೆನ್ನುಗಳ ಮುಂದೆ ಕೂತೇ ಇದ್ದೆ. ಇಷ್ಟು ದಿನ ಕರುಬಿದ ಹೆಸರು ಅದು. ಮೇಲೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು, ಒಳಗೆ ಅವಳು ಮುಟ್ಟಿದ್ದು ಒಂದೂ ಇರಲಿಲ್ಲ. ನನ್ನ ಹೆಸರು ಬಂದಿದ್ದರೂ ಹೀಗೇ ಬರುತ್ತಿತ್ತಲ್ಲ ಅನ್ನಿಸಿ ಸುಸ್ತಾಯಿತು. ಎದ್ದು ಲೇತ್ ಹಾಕಿದೆ.

ಕೆತ್ತನೆ ಆಳವಿರಲಿಲ್ಲ. ತೆಳುವಾಗಿ ಒಂದು ಸುತ್ತು ಕಡೆದರೆ ಹೆಸರು ಪುಡಿಯಾಗಿ ಉದುರುತ್ತಿತ್ತು. ನಡುಗುವ ಕೈಯಲ್ಲಿ ಐವತ್ತನ್ನೂ ಮುಗಿಸಲು ನಾಲ್ಕು ದಿನ ಹಿಡಿಯಿತು. ಆಮೇಲೆ ಸತೀಶ್‌ಕುಮಾರನಿಗೆ ಫೋನು ಮಾಡಿ ಹೇಳಿದೆ.

"ತಲೆ ಕೆಟ್ಟಿದೆಯಾ ಅಣ್ಣಾ? ಜನ ಕಾಯ್ತಾ ಇದ್ದಾರೆ!"

"ಅವರು ಕೇಳಿದ್ದು ಚೀಟಿ ನೋಡಿ. ಮಲ್ಲಿ ಕೈಯಾರೆ ಬರೆದ ಚೀಟಿ ಬರುತ್ತೆ. ಬೇಕಾದರೆ ತಗೊಂಡು ಹೋಗು, ಇಲ್ಲದಿದ್ದರೆ ಬಿಡು. ಇನ್ನು ಮೇಲೆ ನಾ ಕಡೆಯೋದಿಲ್ಲೆ."

ಅವನು ಫೋನು ಕುಕ್ಕಿದ. ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ, ಬಂದರೂ ಬಾರದಿದ್ದರೂ ನಿಂತು ನಿಂತು ಸಾಕಾಗಿ ನನಗೆ ಇನ್ನು ಕೂರಬೇಕಾಗಿತ್ತು.

ಮಲ್ಲಿ ಮತ್ತೆ ಕನ್ನಡಕ ಹಾಕಿದಳು. ಒಂದೊಂದೇ ನಿಬ್ಬು ಕಿತ್ತು, ಸರಿಮಾಡಿ, ಹೆಸರು ಬರೆದು, ಚೀಟಿ ಸುತ್ತಿಟ್ಟಳು. ನಾನು ಪಕ್ಕದಲ್ಲಿ ಕೂತು ಚೀಟಿ ಕತ್ತರಿಸಿ ಕೊಟ್ಟೆ. ನಲವತ್ತೊಂಬತ್ತು ಮುಗಿಯುವಾಗ ವಾರವಾಗಿತ್ತು. ಕೊನೆಯದರ ನಿಬ್ಬು ಸರಿಮಾಡಿ ನನ್ನ ಕಡೆ ಚಾಚಿದಳು.

"ಇದಕ್ಕೆ ನಿನ್ನ ಹೆಸರು ಬರೆಯೋಣ. ಹೇಗೆ ಬರೆಯೋದು, ತೋರಿಸು."

"ಹೇಳಬಾರದಲ್ಲ?"

"ಹೇಳಬಾರದು. ಬರೆಯಬಾರದು ಅಂತ ಆರು ಹೇಳಿದರು? ಆವತ್ತು ನೀ ಹೇಳಿದ್ದೆ, ಅಷ್ಟೇ."

ಮೂವತ್ತೈದು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ನಾನು ಪೆನ್ನು ತೆಗೆದುಕೊಂಡು ತಮಿಳಿನಲ್ಲಿ ನನ್ನ ಹೆಸರು ಬರೆದೆ. ಕೈ ನಡುಗಿ ಪ್ರತಿ ಗೆರೆಯೂ ಅಲುಗಿತು, ಸುರುಳಿಗಳು ಮುರಿದವು. ಇನ್ನೊಂದು ಸಲ ಬರೆದು ತೋರಿಸುತ್ತೇನೆ ಅಂದೆ. ಬೇಡ ಅಂದಳು.

ಚೀಟಿಯನ್ನು ಎದುರಿಗಿಟ್ಟುಕೊಂಡು, ತುಟಿ ಕಚ್ಚಿ, ನಿಧಾನವಾಗಿ ನೋಡಿ ನೋಡಿ ಬರೆದಳು. ಅವಳ ಕೈ ಒಂದಿಷ್ಟೂ ಅಲುಗಲಿಲ್ಲ. ಅದರಲ್ಲಿ ಅಕ್ಷರ ಯಾವುದು, ನಡುಕ ಯಾವುದು ಎಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಅಲುಗಾಟವನ್ನೂ ಬಿಡದೆ ಎಲ್ಲವನ್ನೂ ಹಾಗೆಯೇ ಬರೆದಿದ್ದಳು.