ಕೈಮಾತಿಗೊಂದು ವೈರು

ಗೋರಖನಾಥ ಬೀದರದ ಗಾಂಧಿ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಕಾಳು ತೂಗುವವನು. ತೊಗರಿಯಾಗಲಿ ಕಡಲೆಯಾಗಲಿ, ಅವನ ಕಾಟಾದಲ್ಲಿ ಒಂದು ಹಿಡಿ ಹೆಚ್ಚುಕಡಿಮೆ ಆಗುವುದಿಲ್ಲ ಎಂದು ದಲಾಲರೂ ಹೇಳುತ್ತಿದ್ದರು, ರೈತರೂ ಹೇಳುತ್ತಿದ್ದರು. ಈ ಇಬ್ಬರೂ ಒಂದೇ ಮಾತು ಹೇಳುವುದು ಗಂಜಿನಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಮಳೆ ಮತ್ತೆ ಕೈಕೊಟ್ಟ ಆ ವರ್ಷ ಗಂಜಿಗೆ ಚೀಲಗಳೇ ಬರುತ್ತಿರಲಿಲ್ಲ. ಮನೆಯಿದ್ದ ಭಾಲ್ಕಿಯಿಂದ ಬಸ್ಸು ಹಿಡಿದು ಹೋಗಿ, ಖಾಲಿ ಕಾಟಾದ ಮುಂದೆ ಕೂತು, ಸಂಜೆಗೆ ವಾಪಸ್ಸು ಬರುವುದೇ ಕೆಲಸ. ಹೀಗಾಗಿ ಕಚೇರಿ ಅಲೆಯಲು ಅವನಿಗೆ ಬೇಕಾದಷ್ಟು ಪುರಸೊತ್ತಿತ್ತು. ಅಲೆಸುವವರಿಗೂ ಇತ್ತು.

ಅಲೆದಾಟ ಮಗಳಿಗಾಗಿ. ಸುಭದ್ರಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಕೈಸನ್ನೆಯಲ್ಲಿ ಅವಳನ್ನು ಬೆಳೆಸಿ, ಔರಾದ ಕಡೆಯ ಡಾಬಕಾದ ಪಂಢರಿಗೆ ಕೊಟ್ಟಿದ್ದ. ಪಂಢರಿಗೂ ಕಿವಿ ಕೇಳದು. ಜೋಡಿ ಸರಿಹೋಯಿತು ಎಂದು ಊರು ನಕ್ಕಿತ್ತು. ನಗಲಿ, ಆ ಇಬ್ಬರೂ ಎದುರುಬದುರು ಕೂತು ಕೈಯಾಡಿಸುತ್ತ ಹರಟೆ ಹೊಡೆಯುವುದನ್ನು ನೋಡಿದವರು ಬಾಯಿದ್ದವರ ಸಂಸಾರದ ಬಗ್ಗೆ ಮರುಕಪಡಬೇಕು. ಬರ ಬಿದ್ದು ಡಾಬಕಾದ ಅರ್ಧ ಊರು ಗುಳೆ ಎದ್ದಾಗ ಪಂಢರಿಯೂ ಬಣ್ಣ ಬಳಿಯುವ ಕೆಲಸಕ್ಕೆಂದು ಪುಣೆಗೆ ಹೋದ. ಸುಭದ್ರಾ ತವರಿಗೆ ಬಂದಳು.

ಅಲ್ಲಿಗೆ ಗಂಡಹೆಂಡಿರ ಮಾತು ನಿಂತಿತು. ಬರೆದು ಕಳಿಸೋಣವೆಂದರೆ ಅವಳು ಕಲಿತ ನಾಲ್ಕಕ್ಷರ ಕನ್ನಡದವು, ಗಡಿಯಂಚಿನ ಸಾಲೆಯಲ್ಲಿ ಅವನು ಕಲಿತ ನಾಲ್ಕಕ್ಷರ ಮರಾಠಿಯವು. ಮೊಬೈಲಿನಲ್ಲಿ ಮುಖ ನೋಡಿ ಮಾತಾಡೋಣವೆಂದರೆ ಅವರ ಗಲ್ಲಿಯ ನೆಟ್ಟು ಎತ್ತಿದ ಕೈಯನ್ನು ಎತ್ತಿದಲ್ಲೇ ನಿಲ್ಲಿಸಿಬಿಡುತ್ತಿತ್ತು. ಅವರಿಗೆ ಕೈ ನಿಂತರೆ ಮಾತೇ ನಿಂತ ಹಾಗೆ. ಉಳಿದ ದಾರಿ ಒಂದೇ. ಅವಳು ಅಪ್ಪನಿಗೆ ಸನ್ನೆ ಮಾಡಬೇಕು, ಅಪ್ಪ ಪುಣೆಯಲ್ಲಿ ಪಂಢರಿಯ ಜೊತೆಗಿರುವ ಹುಸೇನನಿಗೆ ಫೋನಿನಲ್ಲಿ ಹೇಳಬೇಕು, ಹುಸೇನ ಅದನ್ನು ಪಂಢರಿಗೆ ಕೈಯಾಡಿಸಿ ತಿಳಿಸಬೇಕು.

ಗೋರಖನಾಥನ ಕಾಟಾ ಕೆಟ್ಟದ್ದು ಇಲ್ಲಿ. 'ನನ್ನನ್ನೂ ಕರೆಸಿಕೋ, ಬಣ್ಣ ಕಲಸಲು ನನಗೂ ಬರುತ್ತದೆ, ಇಲ್ಲಿ ಇರಲಾರೆ' ಎಂದು ಮಗಳು ಕೈಸೋಲುವಷ್ಟು ಸನ್ನೆ ಮಾಡಿದರೆ ಇವನು ಫೋನಿನಲ್ಲಿ, "ಆರಾಮ ಅದಾಳಂತ ಹೇಳಪಾ" ಅನ್ನುತ್ತಿದ್ದ. ಆ ಕಡೆಯಿಂದ ಹುಸೇನ, "ಕಾಕಾ, ಬಾಡಿಗಿಗಿ ಖೋಲಿ ಹಿಡದೀನಿ, ಆಕಿನ್ನ ಕಳಸ್ರಿ ಅಂತಾನ್ರಿ" ಎಂದರೆ ಮಗಳಿಗೆ, 'ಮಳೆಗಾಲ ಮುಗಿಯಲಿ ಅಂತಾನೆ' ಎಂದು ಕೈಯಾಡಿಸುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಲಾರಿಯ ಹಾರ್ನು ಕೇಳದ ಹುಡುಗಿ ಪುಣೆಯ ರಸ್ತೆ ಹೇಗೆ ದಾಟಿಯಾಳು ಎಂದು ಅವನಿಗೆ ಸಂಕಟ. ಅವಳೂ ಹೋದರೆ ತಾನು ಯಾರ ಜೊತೆ ಕೈಯಾಡಿಸಬೇಕು ಎಂಬ ಸಂಕಟವೂ ಇತ್ತು. ಅದನ್ನು ತನಗೆ ತಾನೇ ಹೇಳಿಕೊಂಡಿರಲಿಲ್ಲ ಅಷ್ಟೇ.

ಒಂದು ದಿನ ಸುಭದ್ರಾ ಅವನನ್ನು ಹಿಡಿದಳು. 'ನಾನು ಇಷ್ಟು ಹೊತ್ತು ಹೇಳಿದೆ. ನಿನ್ನ ತುಟಿ ಒಂದೆರಡು ಸಲ ಅಲುಗಾಡಿತು. ಉಳಿದದ್ದು ಎಲ್ಲಿ ಹೋಯಿತು?' ಅವನು ಮೊಬೈಲನ್ನು ಜೇಬಿಗೆ ತುರುಕಿಕೊಂಡ. 'ಮನೆಗೆ ನೆಟ್ಟು ಹಾಕಿಸು. ನನ್ನ ಗಂಡನ ಜೊತೆ ನಾನೇ ಮಾತಾಡುತ್ತೇನೆ' ಎಂದವಳೇ ಗೋಡೆಗೆ ಮುಖ ಮಾಡಿ ಕೂತಳು. ಅವಳು ಮುಖ ತಿರುಗಿಸಿದರೆ ಆ ಮನೆಯಲ್ಲಿ ಮಾತೆಂಬುದೇ ಇಲ್ಲ. ಆ ಬೆನ್ನು ನೋಡಲಾರದೆ ಗೋರಖನಾಥ ಕಚೇರಿಗೆ ಹೊರಟ.

ಭಾಲ್ಕಿಯ ಫೋನ್ ಕಂಪನಿಯವರು ಬೀದರಿಗೆ ಹೋಗು ಎಂದರು. ಬೀದರಿನ ಸಾಹೇಬ ಮೊದಲು ಕೇಳಿದ್ದು ಮನೆಯ ಫೋನ್ ನಂಬರು.

"ಮನ್ಯಾಗ ಫೋನ್ ಇಲ್ರಿ ಸಾಹೇಬ್ರ. ನೆಟ್ ಅಷ್ಟೇ ಬೇಕಾಗ್ಯಾದ."

"ನೆಟ್ ಬರಾದೇ ಫೋನಿನ ತಂತಿ ಮ್ಯಾಲ. ಮೊದಲ ಫೋನ್ ತಗೋ."

"ತಗೊಂಡು ಏನ್ ಮಾಡ್ಲಿರಿ? ನಾ ಗಂಜಿಗಿ ಬರ್ತೇನಿ. ಮನ್ಯಾಗ ಇರಾಕಿ ಮಗಳು, ಆಕಿಗಿ ಕಿವಿ ಕೇಳಲ್ರಿ."

"ಕಿವಿ ಕೇಳಲ್ಲಂದ್ರ ಆಕಿಗಿ ನೆಟ್ ಯಾಕ ಬೇಕು?"

ಗೋರಖನಾಥನ ಸಿಟ್ಟು ನೆತ್ತಿಗೇರಿತು. "ಕೇಳಲ್ಲಂತನೇ ಬೇಕ್ರಿ!" ಎಂದು ಕಿರುಚಿದ. ಸಾಹೇಬನ ಕಿವಿ ನೆಟ್ಟಗಿದ್ದರೂ ಅದು ಅವನಿಗೆ ಕೇಳಿಸಲಿಲ್ಲ. ಊಟದ ಹೊತ್ತಾಗಿತ್ತು, ಎದ್ದು ಹೋದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಬಲ್ಲ ಗೋರಖನಾಥ ಕೊನೆಗೆ ತಲೆಬಾಗಿಸಿ ಫೋನನ್ನೂ ತೆಗೆದುಕೊಂಡ. ಕೆಂಪು ಫೋನು ಮನೆಗೆ ಬಂತು. ಹಲ್ಲಿಲ್ಲದವನಿಗೆ ಕಡಲೆ ಕೊಟ್ಟಂತಾಯಿತು ಎಂದು ಗಲ್ಲಿಯವರು ಮತ್ತೊಮ್ಮೆ ನಕ್ಕರು. ನೆಟ್ಟು ಮಾತ್ರ ಇವತ್ತು, ನಾಳೆ ಎನ್ನುತ್ತ ಬರಲೇ ಇಲ್ಲ. ಕೇಳಲು ಹೋದರೆ ಸಾಹೇಬ ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ:

"ನಿಂದು ಕ್ಯಾನ್ಸಲ್ ಆಗ್ಯಾದ. ಪಕ್ಕಾ ಮಾಡ್ಕೊಳ್ಳಾಕ ಮನಿ ಫೋನಿಗಿ ಹಚ್ಚಿದ್ವಿ. ಮತ್ತ ಮತ್ತ ಹಚ್ಚಿದ್ವಿ, ಯಾರೂ ಎತ್ತಲಿಲ್ಲ. ಗುಳೆ ಹೋಗ್ಯಾರ, ಮನಿಗಿ ಬೀಗ ಅದ ಅಂತ ಬರದು ಕಳಸೀವಿ."

"ಬೀಗ ಎಲ್ಲಿ ಅದರಿ? ಮಗಳು ಮನ್ಯಾಗೇ ಇದ್ದಳಲ್ರಿ!"

"ಹಂಗಾದ್ರ ಯಾಕ ಎತ್ತಲಿಲ್ಲ?"

ಗೋರಖನಾಥ ಹಣೆಗೆ ಕೈ ಹಚ್ಚಿದ. ಆ ವರ್ಷ ಎತ್ತದ ಫೋನೆಲ್ಲ ಬೀಗ ಹಾಕಿದ ಮನೆಯದೇ ಎಂದು ಅವರು ತಿಳಿದರೆ ಯಾರ ಜೊತೆ ಜಗಳಾಡುವುದು? ಮನೆಗೆ ಬಂದರೆ ಮಗಳು ರೊಟ್ಟಿ ಬಡಿಯುತ್ತಿದ್ದಳು. ಧೂಳು ಕೂರದಿರಲೆಂದು ಫೋನಿನ ಮೇಲೆ ತನ್ನ ಹಳೆಯ ಕುಪ್ಪಸದ ಬಟ್ಟೆ ಹೊದಿಸಿದ್ದಳು. ಅವಳ ಬೆನ್ನ ಹಿಂದೆಯೇ ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗಿರಬೇಕು. ಅವನಿಗೆ ಅಳು ಬಂತು. ಇನ್ನು ನೆಟ್ಟು ತರದೆ ಬಿಡುವುದಿಲ್ಲ ಎಂಬ ಹಟವೂ ಬಂತು. ನೆಟ್ಟು ಬಂದರೆ ತನ್ನ ಗುಟ್ಟು ಏನಾದೀತೆಂದು ಆ ಹಟದಲ್ಲಿ ಯೋಚಿಸಲೇ ಇಲ್ಲ.

ದಾರಿ ತೋರಿಸಿದವನು ಟಿವಿ ಕೇಬಲ್ಲಿನ ಖಾಸಿಂ ಅಲಿ. "ಅರೇ ಭಾಯ್, ಫೋನ್ ಯಾಕ ಬೇಕ್ರಿ? ಟಿವಿ ವೈರ್ ಬರ್ತದಲ್ಲ, ಅದರ ಬಾಜೂನೇ ನೆಟ್ಟಿಂದು ಒಂದು ಎಳೀತೇನಿ" ಎಂದ. ಎಳೆಯುವುದೇನೋ ಸರಿ, ಆದರೆ ಅವನ ಆಳುಗಳೆಲ್ಲ ನೀರಿನ ಟ್ಯಾಂಕರ್ ಹಿಂದೆ ಹೋಗಿದ್ದರು. ನಾಳೆ ಪಕ್ಕಾ ಎಂದು ಹೇಳಿ ಹೇಳಿ ನಾಳೆಗೇ ಮಾನ ಉಳಿಯಲಿಲ್ಲ. ಗೋರಖನಾಥ ಗಂಜಿಗೆ ಹೋಗುವುದನ್ನು ಬಿಟ್ಟು ಅವನ ಅಂಗಡಿಯ ಕಟ್ಟೆಯ ಮೇಲೆ ಧರಣಿ ಕೂತ. ಬೇಸತ್ತ ಖಾಸಿಂ ಅಲಿ ಕೊನೆಗೆ ತಾನೇ ಏಣಿ ಹೊತ್ತು ಬಂದು ವೈರು ಎಳೆದ. ಗೋಡೆಯ ಪುಟ್ಟ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು.

ಮೊಬೈಲಿನಲ್ಲಿ ಪಂಢರಿ ಬಂದ. ಅವನ ಕೈ ಎಲ್ಲೂ ನಿಲ್ಲದೆ ಹರಿದಾಡಿತು. ಸುಭದ್ರಾ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ಚಾಪೆಯ ಮೇಲೆ ಕೂತು, ಅತ್ತು, ನಕ್ಕು, ಬೈದಳು. ಅವಳ ಹಿಂದೆ ಕೂತಿದ್ದ ಗೋರಖನಾಥನಿಗೆ ತಾನೇ ಗೆದ್ದಷ್ಟು ಖುಷಿ. ಅಷ್ಟರಲ್ಲಿ ಪಂಢರಿ ಒಂದು ಬೀಗದ ಕೈ ಎತ್ತಿ ತೋರಿಸಿದ. 'ಖೋಲಿ ಹಿಡಿದು ಎಷ್ಟು ದಿನವಾಯಿತು. ಕಳಿಸಿ ಅಂದೆ, ಕಳಿಸಿ ಅಂದೆ. ನೀನು ಯಾಕೆ ಬರಲಿಲ್ಲ?'

ಸುಭದ್ರಾಳ ಕೈ ನಿಂತಿತು. ನೆಟ್ಟು ಕೈಕೊಟ್ಟಿತೇನೋ ಎಂದು ಗೋರಖನಾಥ ಆಸೆಯಿಂದ ಪೆಟ್ಟಿಗೆಯ ಕಡೆ ನೋಡಿದ. ಹಸಿರು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಮಗಳು ಚಾಪೆಯಿಂದ, ಅಳಿಯ ಗಾಜಿನೊಳಗಿನಿಂದ, ಇಬ್ಬರೂ ಅವನನ್ನೇ ನೋಡುತ್ತಿದ್ದರು.

ಅವನು ನಾಚಿಕೆಯಿಂದ ಕುಗ್ಗಿಹೋದ. ಮಗಳು ಬೈದಿದ್ದರೆ ಹಗುರಾಗುತ್ತಿದ್ದ. ಅವಳು ಬೈಯಲಿಲ್ಲ. 'ಪುಣೆ ಬಸ್ಸಿಗೆ ಫೋನ್ ಹಚ್ಚು. ಜಾಗ ಇದೆಯೇ ಕೇಳು' ಎಂದಳು, ಅವನ ತುಟಿಯ ಮೇಲೆ ಕಣ್ಣು ನೆಟ್ಟು. ಗೋರಖನಾಥ ಕುಪ್ಪಸದ ಬಟ್ಟೆ ಸರಿಸಿ ಕೆಂಪು ಫೋನು ಎತ್ತಿದ.

"ಪುಣಾ ಗಾಡಿಗಿ ಜಾಗ ಅದ ಏನ್ರಿ?"

"ಒಂದೇ ಒಂದು ಉಳದಾದ ನೋಡ್ರಿ. ಹಿಡೀಲೇನು?"

ಗುಳೆ ಹೋಗುವವರಿಂದ ಪುಣೆಯ ಬಸ್ಸು ದಿನಾ ತುಂಬಿ ತುಳುಕುತ್ತಿತ್ತು. ತುಂಬಿದೆಯಂತೆ ಎಂದರೆ ಯಾರೂ ಸುಳ್ಳೆನ್ನುತ್ತಿರಲಿಲ್ಲ. ಗೋರಖನಾಥ ಮಗಳ ಮುಖ ನೋಡಿದ.

"ಹಿಡೀಲೋ ಬ್ಯಾಡೋ, ಲಗೂ ಹೇಳ್ರಿ."

"ಹಿಡೀರಿ" ಎಂದು ಫೋನಿಟ್ಟು, ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಕೈಯಾಡಿಸಿದ: 'ಒಂದಿದೆ. ನಿನಗೆ.'

ಸುಭದ್ರಾ ಎದ್ದು ಬಟ್ಟೆ ಮಡಚತೊಡಗಿದಳು. ಅರ್ಧಕ್ಕೆ ನಿಲ್ಲಿಸಿ, ಗೋಡೆಯ ಪೆಟ್ಟಿಗೆಯನ್ನು ಮುಟ್ಟಿ ತೋರಿಸಿದಳು. 'ನಾನು ಹೋದೆನೆಂದು ಇದನ್ನು ತೆಗೆಸಿಬಿಡಬೇಡ. ನಾನೂ ನೀನೂ ಹೇಗೆ ಮಾತಾಡುವುದು?'

ತೆಗೆಸುವುದಿಲ್ಲ ಎನ್ನಲು ಗೋರಖನಾಥ ಕೈ ಎತ್ತಿದ. ಎತ್ತಿದ ಕೈ ಎತ್ತಿದಲ್ಲೇ ನಿಂತುಬಿಟ್ಟಿತು. ಈ ಸಲ ನೆಟ್ಟಿನ ತಪ್ಪೇನೂ ಇರಲಿಲ್ಲ.