ಕುಂಕುಮ ಹಚ್ಚಿದ ಮೆಟ್ಟಿಲು

ಪೀಣ್ಯದ ಲೇತ್ ವರ್ಕ್‌ಶಾಪಿನ ಚಂದ್ರಕಲಾ ಭಾನುವಾರ ಬಂತೆಂದರೆ ಜೊತೆಗಾರರನ್ನು ಕಟ್ಟಿಕೊಂಡು, ಹಾರೆ ಗುದ್ದಲಿ ಹಿಡಿದು ಬೆಟ್ಟಸಾಲಿನ ಚಾರಣದ ಹಾದಿ ರಿಪೇರಿಗೆ ಹೊರಡುವಳು. ಈ ಮಳೆಗಾಲದಲ್ಲಿ ಜಾರಿ ಉರುಳುತ್ತಿದ್ದವಳನ್ನು ತಡೆದು ಉಳಿಸಿದ್ದು ಅವರೇ ಕೂರಿಸಿದ್ದ ಒಂದು ಕಲ್ಲು ಮೆಟ್ಟಿಲು. ಅದಕ್ಕೇ ಆಯುಧಪೂಜೆಯ ದಿನ ಮೆಷಿನ್ನಿಗೆ ಹಚ್ಚಿದ ಕುಂಕುಮವನ್ನೇ ಒಯ್ದು ಅದಕ್ಕೂ ಹಚ್ಚಿ, ಚೆಂಡುಹೂ ಇಟ್ಟು ಕೈಮುಗಿದು ಬಂದಿದ್ದಳು.

ಮುಂದಿನ ಭಾನುವಾರ ನೋಡಿದರೆ ಮೆಟ್ಟಿಲ ಮೇಲೆ ಊದುಬತ್ತಿ, ತೆಂಗಿನಕಾಯಿ ಚೂರು! ದೇವರನ್ನು ತುಳಿಯಬಾರದೆಂದು ಜನರೆಲ್ಲ ಪಕ್ಕದ ಇಳಿಜಾರಿನಲ್ಲೇ ಹತ್ತಿಳಿದು, ಅಲ್ಲಿನ ಮಣ್ಣೆಲ್ಲ ಕುಸಿದುಹೋಗಿತ್ತು.

"ಒಳ್ಳೆ ಕೆಲ್ಸ ಮಾಡಿದ್ರಿ ಅಕ್ಕಾ," ವೆಲ್ಡರ್ ಅಂಜನ್ ನಕ್ಕ.

"ನಗ್ಬೇಡ, ನೀರು ಕೊಡೋ," ಎಂದು ಸಿಡುಕಿ, ಕುಂಕುಮವನ್ನು ತಿಕ್ಕಿ ತೊಳೆದಳು. ಆಮೇಲೆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ತಪ್ಪಾಯ್ತು ಕಣಪ್ಪ. ಇನ್ಮೇಲೆ ತುಳೀತೀವಿ."

ಕೆಸರು ಮೆತ್ತಿದ ಬೂಟುಗಾಲನ್ನು ಅದರ ಮೇಲೆ ಭದ್ರವಾಗಿ ಊರಿದಳು.