ನಮ್ಮ ಆಕಾಶಕ್ಕೆ ಬಾರದ ಗ್ರಹಣ

ತನ್ನ ಮೊಮ್ಮಗಳಾದ ಭೀಮಮ್ಮನನ್ನು ಮಣ್ಣು ಮಾಡಿದ ಮೂರನೆಯ ದಿನ ಮರೆಮ್ಮ ಶಹಾಬಾದಿಗೆ ನಡೆದುಬಂದು ರೇವಣಸಿದ್ದಯ್ಯ ಮಾಸ್ತರರ ಮನೆಕಟ್ಟೆಯ ಮೇಲೆ ಕುಳಿತಳು. ಇಪ್ಪತ್ತು ವರ್ಷಗಳಲ್ಲಿ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಯಾವಾಗಲೂ ಅವರೇ ಕಾಗಿಣಾ ಹೊಳೆಯ ದಂಡೆಗೆ, ಅವಳ ಗುಡಿಸಲಿಗೆ ಹೋಗುತ್ತಿದ್ದರು.

ಮರೆಮ್ಮ ಚೇಳಿನ ವಿಷ ಇಳಿಸುವವಳು. ಕಲ್ಲುಗಣಿಗಳಲ್ಲಿ ಕಡಿಸಿಕೊಂಡವರೆಲ್ಲ ಅವಳಲ್ಲಿಗೆ ಓಡುತ್ತಿದ್ದರು. ಅತ್ತೆ ಕೊಟ್ಟುಹೋದ ಮಂತ್ರಕ್ಕೆ ಒಂದೇ ಕಟ್ಟಳೆ: ಇಲ್ಲಿ ಕಾಣುವ ಪ್ರತಿ ಸೂರ್ಯಗ್ರಹಣದಲ್ಲೂ ಕೊರಳಮಟ ನೀರಲ್ಲಿ ನಿಂತು ಅದನ್ನು ಎಬ್ಬಿಸಬೇಕು. ಒಂದು ತಪ್ಪಿದರೂ ಮಂತ್ರ ಸಾಯುತ್ತದೆ. ಗ್ರಹಣ ಯಾವಾಗ ಎಂದು ಹೇಳಿಬರುವುದು ಮಾಸ್ತರರ ಕೆಲಸ. ಅವರೇನೂ ಮಂತ್ರ ನಂಬಿದವರಲ್ಲ. ಹೆಂಡತಿ ತೀರಿಕೊಂಡ ವರ್ಷ ಒಂದು ಉರ್ದು ಪುಸ್ತಕದಿಂದ ಗ್ರಹಣಗಳ ಲೆಕ್ಕ ಕಲಿತಿದ್ದರು. ಅದನ್ನು ಕೇಳುವ ಜೀವ ಸುತ್ತಲಿನ ಊರುಗಳಲ್ಲಿ ಇವಳೊಬ್ಬಳೇ.

ಒಂದು ಗ್ರಹಣ ಹದಿನೆಂಟು ವರ್ಷ, ಹನ್ನೊಂದು ದಿನಕ್ಕೆ ಮರಳಿ ಬರುತ್ತದೆ. ಮೇಲೆ ಎಂಟು ತಾಸು. ಆ ಎಂಟು ತಾಸಿನಲ್ಲಿ ಭೂಮಿ ತಿರುಗಿಬಿಟ್ಟಿರುತ್ತದೆ. ಗ್ರಹಣ ಬೇರೆ ಯಾರದೋ ಆಕಾಶಕ್ಕೆ ಬೀಳುತ್ತದೆ. ನಮ್ಮ ಕಡೆ ಬರಬೇಕಾದರೆ ಐವತ್ತನಾಲ್ಕು ವರ್ಷ. ಇದನ್ನು ವಿವರಿಸಿದಾಗ ಮರೆಮ್ಮ ನಕ್ಕಿದ್ದಳು: “ಹಬ್ಬಕ್ಕ ಕರದ್ರ ಬ್ಯಾರೆಯವರ ಮನಿಗಿ ಹೋಗೋ ಅಳಿಯ ಆತಲ್ರಿ ಇದು.” ಆ ನಗುವಿಗಾಗಿ ಮಾಸ್ತರರು ಮೂರು ಮೈಲಿ ನಡೆಯುತ್ತಿದ್ದರು.

ಐದು ವರ್ಷದ ಭೀಮಮ್ಮ ಪೇರಿಸಿಟ್ಟ ಕಲ್ಲುಗಳ ಸಂದಿಯಲ್ಲಿ ಕೈಯಿಟ್ಟು ಚೇಳಿನಿಂದ ಕಡಿಸಿಕೊಂಡಿದ್ದಳು. ಮರೆಮ್ಮನ ಮಗಳು ಕೂಸನ್ನೆತ್ತಿಕೊಂಡು ದವಾಖಾನೆಗೆ ಹೊರಟಿದ್ದಳು. ಮನೆಯಲ್ಲೇ ಮಂತ್ರವಿರುವಾಗ ದವಾಖಾನೆ ಯಾಕೆಂದು ಮರೆಮ್ಮ ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡಳು. ಹೊತ್ತು ಮುಳುಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಖರೇ ಹೇಳ್ರಿ ಅಯ್ಯನವರ,” ಅಂದಳು ಮರೆಮ್ಮ. “ನನಗ ಗೊತ್ತಿಲ್ದಂಗ ಗ್ರಹಣ ಏನರ ಆಗಿತ್ತೇನ್ರಿ?”

ಆಗಿತ್ತು. ಶಿವರಾತ್ರಿ ಅಮಾವಾಸ್ಯೆಯ ದಿನ, ಎಲ್ಲೋ ಜಪಾನಿನ ಕಡೆ, ಸೂರ್ಯನ ಒಂದು ಅಂಚು ಮಾತ್ರ ಕಪ್ಪಾಗಿತ್ತು. ನಮ್ಮ ಆಕಾಶದಲ್ಲಿ ಏನೂ ಇರಲಿಲ್ಲ. ಅವಳು ಯಾವುದನ್ನೂ ತಪ್ಪಿಸಿರಲಿಲ್ಲ. ಹಾಗೆಂದು ಹೇಳಬಹುದಿತ್ತು. ಹೇಳಿದರೆ, ಜೀವಂತ ಮಂತ್ರವೇ ಕೂಸನ್ನು ಉಳಿಸಲಿಲ್ಲ ಎಂದಾಗುತ್ತದೆ. ಮಗಳ ಕೈಯಿಂದ ಅದನ್ನು ತೆಗೆದುಕೊಂಡ ತನ್ನೆರಡು ಕೈ ಮಾತ್ರ ಅವಳಿಗೆ ದೂರಲು ಉಳಿಯುತ್ತವೆ.

“ಆಗಿತ್ತು,” ಅಂದರು ಮಾಸ್ತರರು. “ಶಿವರಾತ್ರಿ ಅಮಾಸಿಗಿ. ಸಣ್ಣದು. ನಾನೇ ಹೇಳೋದು ಮರ್ತೆ.”

ಮರೆಮ್ಮ ಬಯ್ಯಲಿಲ್ಲ. ಎದ್ದು ಸೆರಗು ಕೊಡವಿಕೊಂಡು ಹೊರಟುಹೋದಳು. ಆಮೇಲೆ ಮಾಸ್ತರರು ಎರಡು ಸಲ ಗುಡಿಸಲಿಗೆ ಹೋದಾಗಲೂ ಬಾಗಿಲು ತೆರೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಸಂತೆಯಲ್ಲಿ ಸಿಕ್ಕ ಮರೆಮ್ಮನ ಮಗಳು ಹೇಳಿದಳು: ಅವ್ವ ಈಗ ಯಾರ ಮಾತನ್ನೂ ನಂಬುವುದಿಲ್ಲ. ಸೂರ್ಯಗ್ರಹಣ ಅಮಾವಾಸ್ಯೆಗೆ ಮಾತ್ರ ಎಂದು ಮಾಸ್ತರರೇ ಕಲಿಸಿದ್ದರಲ್ಲ, ಅದಕ್ಕೇ ಪ್ರತಿ ಅಮಾವಾಸ್ಯೆ ಹೊತ್ತು ಹುಟ್ಟಿದಾಗಿನಿಂದ ಮುಳುಗುವತನಕ ಹೊಳೆಯಲ್ಲಿ ನಿಂತಿರುತ್ತಾಳೆ.

ಎಳ್ಳಮಾವಾಸ್ಯೆಯ ದಿನ ಮಾಸ್ತರರು ಹೋದರು. ಊರ ಮಂದಿಯೆಲ್ಲ ಹೊಲಗಳಲ್ಲಿ ಬಜ್ಜಿ ರೊಟ್ಟಿ ಹಂಚಿಕೊಂಡು ಉಣ್ಣಲು ಹೊರಟಿದ್ದರು. ಮಡುವಿನ ನೀರಲ್ಲಿ ಮರೆಮ್ಮನ ತಲೆಯೊಂದೇ ಕಾಣುತ್ತಿತ್ತು. ತುಟಿಗಳು ನೀಲಿಗಟ್ಟಿದ್ದವು.

“ಹೊರಗ ಬಾ ಮರೆಮ್ಮ. ಇವತ್ತ ನಮ್ಮ ಕಡಿ ಇಲ್ಲ. ಮುಂದಿಂದು ಮಣ್ಣೆತ್ತಿನ ಅಮಾಸಿಗಿ, ಸಂಜಿಕಿ. ಬಂದು ಹೇಳ್ತೀನಿ.”

“ಶಿವರಾತ್ರಿ ಅಮಾಸಿಗೂ ಇಲ್ಲಂತ ನಾ ಮನ್ಯಾಗ ಕುಂತಿದ್ದೆ, ಅಯ್ಯನವರ.”

ಖರೇ ಮಾತು ಹೇಳಿಬಿಡಬೇಕೆಂದು ಮಾಸ್ತರರಿಗೆ ಅನ್ನಿಸಿತು. ಹೇಳಿದರೆ ಅವಳು ನೀರಿನಿಂದ ಹೊರಗೆ ಬರಬಹುದು. ಬಂದವಳು ಆಮೇಲೆ ಯಾವುದನ್ನು ಹಿಡಿದು ಬದುಕಬೇಕು? ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಮತ್ತೆ ತುಟಿ ಅಲ್ಲಾಡಿಸತೊಡಗಿದ್ದಳು. ಅವರು ಚಪ್ಪಲಿ ಕಳಚಿ ದಂಡೆಯ ಮೇಲೆ ಕುಳಿತರು. ಹೊತ್ತು ಮುಳುಗಲು ಇನ್ನೂ ಏಳು ತಾಸು ಇತ್ತು.